ಗೇಣಿದಾರನ ಓಟು ಯಾರಿಗೆ?

1977ರ ಮಾರ್ಚ್‌ನ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿ ಹಾಕಿತು. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಒಂದೂ ದಕ್ಕಲಿಲ್ಲ. ರಾಯಬರೇಲಿಯಲ್ಲಿ ಇಂದಿರಾ ಗಾಂಧಿಯವರೇ ಸೋತರು. ಕರ್ನಾಟಕದಲ್ಲಿ ಮಾತ್ರ ಅದೇ ಕಾಂಗ್ರೆಸ್ಸಿಗೆ 28ರಲ್ಲಿ 26 ಸ್ಥಾನ! ತುರ್ತು ಪರಿಸ್ಥಿತಿ ಇಲ್ಲಿಯೂ ಇತ್ತು. ವಾಜಪೇಯಿ, ಅಡ್ವಾಣಿಯವರು ಬಂದಿಗಳಾಗಿದ್ದುದು ಬೆಂಗಳೂರಿನ ಸೆರೆಮನೆಯಲ್ಲೇ.

ಬಲವಂತದ ಸಂತಾನಹರಣ ಚಿಕಿತ್ಸೆಯ ಬಿಸಿ ದಕ್ಷಿಣಕ್ಕೆ ಅಷ್ಟಾಗಿ ತಟ್ಟಲಿಲ್ಲ ಎಂಬುದು ರೂಢಿಯ ವಿವರಣೆ. ಸುಳ್ಳೇನಲ್ಲ, ಆಂಧ್ರದಲ್ಲಿಯೂ 42ರಲ್ಲಿ 41 ಕಾಂಗ್ರೆಸ್ಸಿಗೇ ಹೋದವು. ಆದರೆ ನಮ್ಮಲ್ಲಿ ಇನ್ನೊಂದು ಕಾರಣವೂ ಇತ್ತು: ಒಂದು ಅರ್ಜಿ.

ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ, ಉಳುವವನೆಂದು ಕಂಡರೆ ಹೊಲವನ್ನು ಅವನಿಗೇ ಕೊಡುತ್ತಿತ್ತು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವನು ಅದೇ ಧಣಿಯ ಎದುರು ನಿಂತು, ‘ಈ ಗದ್ದೆ ಉಳುವವನು ನಾನು’ ಎಂದು ತಾನೇ ಹೇಳಬೇಕಿತ್ತು. ದಕ್ಷಿಣ ಕನ್ನಡದ ಚಾಲಗೇಣಿ ಒಕ್ಕಲಿಗೆ ಅದು ಸಣ್ಣ ಧೈರ್ಯವಲ್ಲ. ನಿಮ್ಮ ಮನೆಯಲ್ಲಿ ಆ ಕಾಲ ಕಂಡ ಹಿರಿಯರಿದ್ದರೆ ಕೇಳಿ ನೋಡಿ; ಭೂಮಿ ಪಡೆದವರ ಮನೆಯ ಕಥೆಯೇ ಬೇರೆ, ಕಳೆದುಕೊಂಡವರ ಮನೆಯ ಕಥೆಯೇ ಬೇರೆ. ಇದರ ಜೊತೆಗೆ ಹಾವನೂರು ಆಯೋಗ, ಸಣ್ಣಪುಟ್ಟ ಜಾತಿಗಳವರಿಗೂ ಚುನಾವಣೆಯ ಟಿಕೆಟ್.

ಇನ್ನು ಸೋಜಿಗದ ಸಂಗತಿ. 1979ರಲ್ಲಿ ಅರಸು ಇಂದಿರಾ ಅವರಿಂದ ದೂರವಾದರು. 1980ರ ಜನವರಿಯಲ್ಲಿ ಇಂದಿರಾ ಪಕ್ಷಕ್ಕೆ 28ರಲ್ಲಿ 27 ಬಂದವು, ಅರಸು ಪಕ್ಷಕ್ಕೆ ಒಂದೂ ಇಲ್ಲ. ಭೂಮಿ ಕೊಡಿಸಿದವರಿಗೆ ಓಟಿಲ್ಲವೆ? ಜನ ಕೃತಘ್ನರೆಂದು ಬೈಯುವುದು ಸುಲಭ. ನನಗೆ ತೋರುವುದು ಬೇರೆ: ಕಾನೂನು ಮಾಡಿದ್ದು ಬೆಂಗಳೂರಾದರೂ ಹಳ್ಳಿಯಲ್ಲಿ ಅದರ ಹೆಸರು ‘ಇಂದಿರಮ್ಮ’ ಎಂದೇ ಇತ್ತು. ಅರಸು ಅವರೇ ವರ್ಷಗಟ್ಟಲೆ ಆ ಹೆಸರಿನಲ್ಲಿ ಓಟು ಕೇಳಿದ್ದರಲ್ಲ!

ಹಾಗೆಂದು ಆ ಒಲವು ಕಣ್ಣು ಮುಚ್ಚಿದ್ದಲ್ಲ. 1983ರಲ್ಲಿ ವಿಧಾನಸಭೆ ಕಾಂಗ್ರೆಸ್ಸಿನ ಕೈತಪ್ಪಿತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಇಂದಿರಾ ಹತ್ಯೆಯ ನಂತರ, 1984ರ ಡಿಸೆಂಬರಿನಲ್ಲಿ, ಲೋಕಸಭೆಗೆ ಮತ್ತೆ ಕಾಂಗ್ರೆಸ್ಸೇ: 28ರಲ್ಲಿ 24. ಸೋಲಿನ ಹೊಣೆ ಹೊತ್ತು ಹೆಗಡೆ ಹೊಸ ಜನಾದೇಶ ಕೇಳಿದರು. ಮೂರೇ ತಿಂಗಳು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನು ಹೆಗಡೆಯವರ ಜನತಾ ಪಕ್ಷಕ್ಕೆ ಕೊಟ್ಟರು.