ಶುಕ್ರನ ಗಾಳಿ, ಬಂದರಿನ ಅಲೆ

ಮಂಗಳೂರಿನ ಬಂದರಿನವರಿಗೆ ಗಾಳಿಯ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ನೇತ್ರಾವತಿಯೂ ಗುರುಪುರ ನದಿಯೂ ಕಡಲನ್ನು ಸೇರುವ ಅಳಿವೆಬಾಗಿಲಿನಲ್ಲಿ ಮಳೆಗಾಲದ ಅಲೆಗಳು ಮುರಿದು ಬೀಳುವಾಗ ದೋಣಿಗಳು ದಡ ಹಿಡಿದು ನಿಲ್ಲುತ್ತವೆ. ಆಕಾಶ ತಿಳಿಯಾದ ಕೆಲವು ತಿಂಗಳ ಸಂಜೆಗಳಲ್ಲಿ ಅದೇ ಪಡುಗಡಲಿನ ಮೇಲೆ ಬೆಳ್ಳಿಯು ಥಳಥಳಿಸುವುದನ್ನು ಕಾಣಬಹುದು. ಬೆಳ್ಳಿಯೆಂದು ನಾವು ಕರೆಯುವ ಶುಕ್ರಗ್ರಹವು ಅಷ್ಟು ಬೆಳಗುವುದಕ್ಕೆ ಮುಖ್ಯ ಕಾರಣ, ಅದನ್ನು ಎಡೆಬಿಡದೆ ಮುಸುಕಿರುವ ಮೋಡ. ಆ ಮೋಡದೊಳಗಿನ ಗಾಳಿಯ ಮತ್ತು ಅಲೆಗಳ ವಿಚಾರವನ್ನು ಈಗ ಸ್ವಲ್ಪ ಪರಿಶೀಲಿಸೋಣ.

ಶುಕ್ರನ ವಾಯುಮಂಡಲವು ಬಹುಪಾಲು ಇಂಗಾಲಾಮ್ಲ ವಾಯುವಿನಿಂದಾದುದು. ನೆಲದ ಮೇಲೆ ಅದರ ಒತ್ತಡ ನಮ್ಮಲ್ಲಿರುವುದರ ಸುಮಾರು 90ರಷ್ಟು. ಉಷ್ಣತೆ ಸುಮಾರು 460 ಡಿಗ್ರಿ ಸೆಂಟಿಗ್ರೇಡ್. ಮೋಡಗಳಾದರೋ ಗಂಧಕಾಮ್ಲದ ಹನಿಗಳು. ಗ್ರಹವು ತನ್ನ ಸುತ್ತ ಒಮ್ಮೆ ತಿರುಗಲು ನಮ್ಮ 243 ದಿನಗಳು ಬೇಕು. ಆದರೆ ಸುಮಾರು 70 ಕಿಲೋಮೀಟರ್ ಎತ್ತರದ ಮೋಡಗಳು ನಾಲ್ಕೈದು ದಿನಗಳಲ್ಲೇ ಗ್ರಹವನ್ನು ಸುತ್ತಿ ಬರುತ್ತವೆ. ಅಲ್ಲಿಯ ಗಾಳಿಯ ವೇಗ ಸೆಕೆಂಡಿಗೆ ಸುಮಾರು 100 ಮೀಟರ್. 1975ರಲ್ಲಿ ಇಳಿದ ಸೋವಿಯತ್ ನೌಕೆಗಳಾದ ವೆನೆರಾ 9 ಮತ್ತು 10 ನೆಲದ ಬಳಿ ಅಳೆದದ್ದು ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ವೇಗದ ಮಂದಮಾರುತವನ್ನು. ಒಡೆಯನು ಆಮೆಯಂತೆ ನಡೆಯುವಾಗ ಅವನು ಹೊದೆದ ಶಾಲು ಕುದುರೆಯಂತೆ ಓಡುವುದು ಹೇಗೆ? ಘರ್ಷಣೆಯಿಂದ ಆ ವೇಗ ಕ್ರಮೇಣ ಅಡಗಬೇಕಲ್ಲವೆ?

ಇದಕ್ಕೆ ಉತ್ತರ ಅಲೆಗಳಲ್ಲಿದೆ. ಕಡಲಿನಲ್ಲಿ ತೇಲುವ ತೆಂಗಿನಕಾಯಿಯನ್ನು ನೋಡಿ. ಅಲೆ ಮುಂದೆ ಸಾಗುತ್ತದೆ. ಕಾಯಿ ಬಹುಮಟ್ಟಿಗೆ ಇದ್ದಲ್ಲಿಯೇ ಏಳುತ್ತ ಬೀಳುತ್ತ ಇರುತ್ತದೆ. ನೀರು ಸಾಗದಿದ್ದರೂ ನೂಕುಬಲ ಸಾಗುತ್ತದೆ. ದೂರದಲ್ಲಿ ಹುಟ್ಟಿದ ಅಲೆ ಅಳಿವೆಯಲ್ಲಿ ಮುರಿದಾಗ ಆ ಬಲವನ್ನು ಎದುರಿಗಿರುವ ದೋಣಿಯ ಮೇಲೆ ಇಳಿಸುತ್ತದೆ. ವಾಯುವಿನಲ್ಲಿಯೂ ಇದೇ ನ್ಯಾಯ. ಶುಕ್ರನ ಮೋಡಗಳು ಹಗಲು ಬಿಸಿಲನ್ನು ಹೀರಿ ಕಾಯುತ್ತವೆ, ರಾತ್ರಿ ಆರುತ್ತವೆ. ಇದರಿಂದ ಹುಟ್ಟುವ ಅಲೆಗಳು ಸೂರ್ಯನನ್ನೇ ಹಿಂಬಾಲಿಸುತ್ತ ಮೇಲಕ್ಕೂ ಕೆಳಕ್ಕೂ ಹರಡಿ, ಅವನು ಸಾಗುವ ದಿಕ್ಕಿನ ನೂಕುಬಲವನ್ನು ಹೊತ್ತೊಯ್ಯುತ್ತವೆ. ಹುಟ್ಟು ನೀರನ್ನು ಹಿಂದಕ್ಕೆ ತಳ್ಳಿದರೆ ದೋಣಿ ಮುಂದಕ್ಕೆ ಹೋಗುವಂತೆ, ಮೋಡದ ಪದರವು ಎದುರು ದಿಕ್ಕಿಗೆ ದೂಡಲ್ಪಡುತ್ತದೆ. ಶುಕ್ರನಲ್ಲಿ ಸೂರ್ಯನು ಪಶ್ಚಿಮದಲ್ಲಿ ಹುಟ್ಟಿ ಪೂರ್ವಕ್ಕೆ ಸಾಗುತ್ತಾನೆ. ಗಾಳಿ ಪಶ್ಚಿಮದ ಕಡೆಗೆ ಓಡುತ್ತದೆ.

ಜಪಾನಿನ ಅಕಾತ್ಸುಕಿ ನೌಕೆಯು 2010ರಲ್ಲಿ ಕಕ್ಷೆ ಸೇರಲಾರದೆ, ಐದು ವರ್ಷ ಸೂರ್ಯನನ್ನು ಸುತ್ತಿ, 2015ರ ಡಿಸೆಂಬರಿನಲ್ಲಿ ಶುಕ್ರನನ್ನು ಸೇರಿತು. ಸೇರಿದ ದಿನಗಳಲ್ಲಿಯೇ ಮೋಡದ ನೆತ್ತಿಯಲ್ಲಿ ಸುಮಾರು 10,000 ಕಿಲೋಮೀಟರ್ ಉದ್ದದ ಬಿಲ್ಲಿನಾಕಾರದ ಅಲೆಯೊಂದನ್ನು ಕಂಡಿತು. ಸುತ್ತಲಿನ ಗಾಳಿ ಓಡುತ್ತಿದ್ದರೂ, ಅಫ್ರೊಡೈಟಿ ಎಂಬ ಎತ್ತರದ ನಾಡಿನ ಮೇಲೆ ಅಲೆ ನಿಂತೇ ಇತ್ತು. ಹೊಳೆಯ ಬಂಡೆಯನ್ನು ದಾಟುವ ನೀರು ಹರಿದುಹೋದರೂ ಅದರ ಉಬ್ಬು ಅಲ್ಲಿಯೇ ನಿಲ್ಲುವುದಿಲ್ಲವೆ, ಹಾಗೆ. ನೆಲದ ಬೆಟ್ಟಗಳ ಸುದ್ದಿ ಮೋಡದ ನೆತ್ತಿಗೂ ಮುಟ್ಟುತ್ತದೆಂದು ಇದರಿಂದ ತಿಳಿಯಿತು. ಆ ನೌಕೆಯ ಚಿತ್ರಗಳಿಂದ ಮೋಡಗಳ ಚಲನೆಯನ್ನು ಅಳೆದ ವಿದ್ವಾಂಸರು, ಸಮಭಾಜಕ ವೃತ್ತದ ಬಳಿ ವೇಗವನ್ನು ಕಾಪಾಡುವುದು ಬಿಸಿಲು ಎಬ್ಬಿಸಿದ ಅಲೆಗಳೇ ಎಂದೂ, ಬೇರೆ ಬಗೆಯ ಅಲೆಗಳೂ ಸುಳಿಗಳೂ ಅದನ್ನು ತಗ್ಗಿಸುವುವೆಂದೂ 2020ರಲ್ಲಿ ತೋರಿಸಿದರು.

ಬೆಂಗಳೂರಿನಲ್ಲಿ ಕೇಂದ್ರ ಕಛೇರಿಯುಳ್ಳ ಇಸ್ರೋ ಸಂಸ್ಥೆಯ ಶುಕ್ರಯಾನಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತಿತು. ಇದರಿಂದ ನಮಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಗಾಳಿಯ ನಿಯಮಗಳು ಗ್ರಹಕ್ಕೊಂದು ಬಗೆಯಾಗಿಲ್ಲ. ನಮ್ಮ ಮುಂಗಾರಿನ ಲೆಕ್ಕವನ್ನು ಕಟ್ಟುವುದೂ ಅದೇ ಸೂತ್ರಗಳ ಮೇಲೆ. ಶುಕ್ರನಂಥ ಕಠಿಣವಾದ ಸ್ಥಳದಲ್ಲಿಯೂ ಅವು ನಿಲ್ಲುವುವೇ ಎಂದು ಒರೆಗೆ ಹಚ್ಚಿ ನೋಡುವುದು ಅಗತ್ಯ. ಇಂದು ಕಡಲಿಗೆ ಇಳಿಯಬಹುದೇ ಬಾರದೇ ಎಂದು ಹವೆಯ ಮುನ್ಸೂಚನೆಯನ್ನು ಕಾಯುವ ಮೀನುಗಾರನ ಜೀವವು ಆ ಲೆಕ್ಕವನ್ನೇ ನಂಬಿಕೊಂಡಿದೆ.