ದೊಡ್ಡ ಇಂಟರ್‌ಕೂಲರ್ ಹಾಕಿದರೆ ಜೀಪಿಗೆ ದಮ್ಮು ಬರುತ್ತದೆಯೇ?

ಡೀಸೆಲ್ ಥಾರ್ ಇಟ್ಟುಕೊಂಡು ಮಲೆನಾಡಿನ ಕೆಸರಿಗೆ ಇಳಿಯುವವರು ಟೈರು, ವಿಂಚು, ಸ್ನಾರ್ಕೆಲ್ ಎಲ್ಲ ಮುಗಿಸಿದ ಮೇಲೆ ಇಂಟರ್‌ಕೂಲರಿಗೆ ಕೈ ಹಾಕುತ್ತಾರೆ. ‘ದೊಡ್ಡದು ಕೂರಿಸಿ ಸಾರ್, ಪಿಕಪ್ ನೋಡಿ ಆಮೇಲೆ’ ಎನ್ನುವ ಮೆಕ್ಯಾನಿಕ್‌ಗಳಿಗೂ ಬರವಿಲ್ಲ.

ಪಿಕಪ್ ಹಾಗೆ ಬರುವುದಿಲ್ಲ. ಡೀಸೆಲ್ ಎಂಜಿನ್ನಿನ ಶಕ್ತಿ ಅದಕ್ಕೆ ಎಷ್ಟು ಡೀಸೆಲ್ ಸಿಗುತ್ತದೆ ಎಂಬುದರ ಮೇಲಿದೆ. ಸಿಆರ್‌ಡಿಇ (ಕಾಮನ್ ರೈಲ್) ಎಂಜಿನ್‌ಗಳಲ್ಲಿ ಆ ಲೆಕ್ಕ ಇಸಿಯು ಎಂಬ ಕಂಪ್ಯೂಟರಿನ ಕೈಯಲ್ಲಿ. ಹಳೆಯ ಥಾರ್‌ನ 2498 ಸಿಸಿ ಎಂಜಿನ್ 105 ಬಿಎಚ್‌ಪಿಯದು. ರೀಮ್ಯಾಪ್ ಮಾಡಿಸದೆ, ಅಂದರೆ ಇಸಿಯುವಿನ ಲೆಕ್ಕ ಬದಲಿಸದೆ, ಬರೀ ಇಂಟರ್‌ಕೂಲರ್ ಬದಲಿಸಿದರೆ ಅದು ಹೆಚ್ಚುಕಡಿಮೆ 105ರಲ್ಲೇ ಇರುತ್ತದೆ.

ಹಾಗಾದರೆ ಲಾಭ ಎಲ್ಲಿ? ಟರ್ಬೊ ಒತ್ತಿದ ಗಾಳಿ ಕಾಯುತ್ತದೆ. ಎಂಜಿನ್ ಸೇರುವ ಮುಂಚೆ ಅದನ್ನು ತಣಿಸುವುದೇ ಇಂಟರ್‌ಕೂಲರಿನ ಕೆಲಸ. ಹೊರಗೆ 27 ಡಿಗ್ರಿ, ಬೂಸ್ಟ್ 1 ಬಾರ್, ಟರ್ಬೊದ ದಕ್ಷತೆ ಶೇ 70 ಎಂದಿಟ್ಟುಕೊಂಡರೆ ಹೊರಬರುವ ಗಾಳಿ 120 ಡಿಗ್ರಿ ಮುಟ್ಟುತ್ತದೆ. ಅದನ್ನು 50ಕ್ಕೆ ಇಳಿಸಿದರೆ ಅದೇ ಒತ್ತಡದಲ್ಲಿ ಶೇ 20ರಷ್ಟು ಹೆಚ್ಚು ಗಾಳಿ ಸಿಲಿಂಡರಿಗೆ ಹೋಗುತ್ತದೆ, ಎಕ್ಸಾಸ್ಟ್ ಬಿಸಿ ತಗ್ಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಲೋಡ್ ಹೊತ್ತು ಶಿರಾಡಿ ಘಾಟಿ ಹತ್ತುವಾಗ ಒಳಗೆ ಬರುವ ಗಾಳಿ ವಿಪರೀತ ಕಾದರೆ ಅನೇಕ ಎಂಜಿನ್‌ಗಳ ಇಸಿಯು ಡೀಸೆಲ್ ಕಡಿತ ಮಾಡುತ್ತದೆ. ಆ ಕಡಿತ ತಪ್ಪುತ್ತದಲ್ಲ, ಅದೇ ಲಾಭ.

‘ಎಂಜಿನ್ ತಂಪಾಗಿರುತ್ತದೆ’ ಎಂಬುದು ಇನ್ನೊಂದು ನಂಬಿಕೆ. ಎಷ್ಟೋ ಸಲ ಆಗುವುದು ಉಲ್ಟಾ. ಗ್ರಿಲ್ ಹಿಂದೆ ಕೂರಿಸಿದ ದಪ್ಪ ಇಂಟರ್‌ಕೂಲರ್ ರೇಡಿಯೇಟರಿಗೆ ಅಡ್ಡ ನಿಲ್ಲುತ್ತದೆ. ಲೋ ರೇಂಜಿನಲ್ಲಿ ತೆವಳುವಾಗ ಎದುರುಗಾಳಿಯೇ ಇಲ್ಲ, ಇರುವುದು ಫ್ಯಾನ್ ಎಳೆದಷ್ಟೇ. ಜೊತೆಗೆ ಫಿನ್‌ಗಳ ಸಂದಿಯಲ್ಲಿ ಕೆಸರು ಮೆತ್ತಿಕೊಂಡರೆ ಟೆಂಪರೇಚರ್ ಮುಳ್ಳು ಏರತೊಡಗುತ್ತದೆ. ಇಂಟರ್‌ಕೂಲರನ್ನು ಬೇರೆ ಕಡೆ ಕೂರಿಸುವುದೂ ಉಂಟು. ಸ್ಕಾರ್ಪಿಯೊ ಬಾನೆಟ್ಟಿನ ಸ್ಕೂಪ್ ಬರೀ ಶೋಕಿಗೆ ಎಂದು ನಗುವವರಿದ್ದಾರೆ. ಅದರ ಕೆಳಗಿರುವುದು ಇಂಟರ್‌ಕೂಲರೇ. ಎಂಜಿನ್ ಮೇಲೆ ಕೂತಿರುವುದರಿಂದ ಕೆಳಗಿನ ಶಾಖ ಬಡಿಯುತ್ತದೆ, ನಿಜ. ಆದರೆ ರೇಡಿಯೇಟರಿನ ಗಾಳಿ ಕಸಿಯುವುದಿಲ್ಲ.

ದೊಡ್ಡದಾದಷ್ಟೂ ಒಳ್ಳೆಯದು ಎಂಬುದೂ ಅರ್ಧಸತ್ಯ. ಗಾತ್ರ, ಪೈಪಿನ ಉದ್ದ ಹೆಚ್ಚಿದಂತೆ ಬೂಸ್ಟ್ ತುಂಬಲು ತಡವಾಗುತ್ತದೆ. ಒಳಮೈ ಕೆಟ್ಟದಾಗಿದ್ದರೆ ಗಾಳಿ ಸೋರದೆಯೂ ಒತ್ತಡ ಬೀಳುತ್ತದೆ, ಅದನ್ನು ತುಂಬಿಕೊಡಲು ಟರ್ಬೊ ಇನ್ನಷ್ಟು ದುಡಿಯಬೇಕು. ಅಗ್ಗದ ಮಾಲು ಕೈಕೊಡುವುದು ಇಲ್ಲೇ.

ಹಳೆಯದನ್ನು ಬಿಚ್ಚಿದಾಗ ಒಳಗೆ ಎಣ್ಣೆಪಸೆ ಕಂಡರೆ ‘ಟರ್ಬೊ ಹೋಯ್ತು’ ಎಂದು ಬೆಚ್ಚಬೇಕಿಲ್ಲ. ಬ್ರೀದರ್ ಪೈಪಿನಿಂದ ಬರುವ ತೆಳು ಪಸೆ ಮಾಮೂಲು. ಲೋಟದಷ್ಟು ನಿಂತಿದ್ದರೆ ಮಾತ್ರ ಟರ್ಬೊ ನೋಡಿಸಬೇಕು. ಆ ಎಣ್ಣೆಯನ್ನು ಎಂಜಿನ್ ಒಮ್ಮೆಲೇ ಎಳೆದುಕೊಂಡರೆ ಕೀ ತೆಗೆದರೂ ನಿಲ್ಲದೆ ಓಡಬಹುದು.

ಇನ್ನು ಕಪ್ಪು ಹೊಗೆ. ಹೊಸ ಇಂಟರ್‌ಕೂಲರ್ ಅದನ್ನು ನಿಲ್ಲಿಸುತ್ತದೆ ಎಂದು ಮಾರುವವರಿದ್ದಾರೆ. ಇದ್ದಕ್ಕಿದ್ದಂತೆ ಹೊಗೆ ಶುರುವಾಗಿ ಎಳೆತ ಸತ್ತಿದ್ದರೆ ಮೊದಲು ನೋಡಬೇಕಾದದ್ದು ಇಂಟರ್‌ಕೂಲರಿನ ಹೋಸು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೌಂಟಿನ ಮೇಲೆ ಓಲಾಡುತ್ತದೆ, ಚಾಸಿಗೆ ಬಿಗಿದ ಇಂಟರ್‌ಕೂಲರ್ ಅಲ್ಲಾಡುವುದಿಲ್ಲ. ನಡುವಿನ ಹೋಸು ಎರಡೂ ಕಡೆ ಜಗ್ಗಿಸಿಕೊಂಡು ಕೊನೆಗೆ ಕ್ಲಾಂಪಿನಿಂದ ಜಾರುತ್ತದೆ; ಗಾಳಿ ಸೋರಿ, ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾಗುತ್ತದೆ. ಪೈಪಿನ ತುದಿಯಲ್ಲಿ ಉಬ್ಬಿದ ಅಂಚಿರಬೇಕು, ಎಣ್ಣೆ ಒರೆಸಿರಬೇಕು, ಕ್ಲಾಂಪ್ ಅಂಚಿನ ಹಿಂದೆ ಕೂರಬೇಕು. ಎಂಜಿನ್ ಆಫ್ ಮಾಡಿ, ಪೈಪುಗಳಿಗೆ ಕಂಪ್ರೆಸರಿನಿಂದ 1 ಬಾರ್ ಗಾಳಿ ಕೊಟ್ಟು ಜೋಡಣೆಗಳಿಗೆ ಸೋಪುನೀರು ಚಿಮುಕಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಹೊಸ ಇಂಟರ್‌ಕೂಲರ್ ತರುವ ಮುಂಚೆ ಹಳೆಯದಕ್ಕೇ ಈ ಪರೀಕ್ಷೆ ಮಾಡಿಸಿ. ಕ್ಲಾಂಪಿನ ದುಡ್ಡಿನಲ್ಲೇ ಕೆಲಸ ಮುಗಿದರೂ ಮುಗಿಯಬಹುದು.