ಬೈಕಂಪಾಡಿಯಲ್ಲಿ ದುಡಿಯುವ ಅಕ್ಕಂದಿರಿಗೆ

ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡ್ತೀರಾ? ಸೂಪರ್‌ವೈಸರ್ ಅಸಭ್ಯವಾಗಿ ಮಾತಾಡಿದ್ರೆ, ಮೈ ಮುಟ್ಟಿದ್ರೆ ದೂರು ಕೊಡೋದು ಎಲ್ಲಿ?

ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಆಗೋ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ದುಡಿಯೋ ಕಡೆ ಇಂಥ ದೂರು ಕೇಳೋಕೆ ಆಂತರಿಕ ಸಮಿತಿ ಇರಲೇಬೇಕು. ಅದರ ಮುಖ್ಯಸ್ಥೆ ಮಹಿಳೆಯೇ. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ.

ಹತ್ತಕ್ಕಿಂತ ಕಡಿಮೆ ಜನರ ಶೆಡ್ಡಾ? ದೂರು ಮಾಲೀಕರ ಮೇಲೇನಾ? ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಗುತ್ತಿಗೆ, ದಿನಗೂಲಿ, ಟ್ರೈನಿ ಎಲ್ಲರಿಗೂ ಈ ಹಕ್ಕಿದೆ. ಬರೆಯೋಕೆ ಆಗದಿದ್ರೆ ಸಮಿತಿಯವರೇ ನೆರವಾಗಬೇಕು.

 

ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಿ. ಆಂತರಿಕ ಸಮಿತಿ ರಚಿಸಿದ ಆದೇಶವನ್ನು ಮಾಲೀಕರು ಎದ್ದುಕಾಣುವಂತೆ ಹಾಕಿರಬೇಕು. ನಾಳೆ ಡ್ಯೂಟಿಗೆ ಹೋದಾಗ ನೋಟಿಸ್ ಬೋರ್ಡ್ ನೋಡಿ. ಇಲ್ಲದಿದ್ರೆ ಕೇಳಿ!